ಒಂದು ಸುದ್ದಿ, ಎರಡು ವರದಿ: ಶಾಲೆಯಲ್ಲಿ ಮಾಧ್ಯಮ ಕಲಿಯುವವರಿಗೆ ಇತಿಹಾಸದ ಪಾಠ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಯನ್ನು ಕರೆದುಕೊಂಡು ನನ್ನ ಬಳಿ ಬಂದಳು. ತಂದೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುವವರು. ಮಗಳಿಗೆ ಮುಂದೆ ಪತ್ರಿಕೋದ್ಯಮ ಓದುವ ಆಸೆ. ತಂದೆಗೆ ಒಂದೇ ಅನುಮಾನ. "ಟಿ.ವಿ.ಯಲ್ಲಿ ಕೂತು ಕಿರುಚಾಡೋದಕ್ಕೆ ನಮ್ಮ ಮಗಳನ್ನ ಓದಿಸಬೇಕಾ ಮೇಡಂ? ಅದರಲ್ಲಿ ಕಲಿಯೋದು ಏನಿದೆ?" ಎಂದು ಕೇಳಿದರು.

ಅವರು ಕೋಪದಿಂದ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದರು. ಆ ಹೊತ್ತಿನಲ್ಲಿ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಶಾಲೆಯಲ್ಲಿ ಮಾಧ್ಯಮದ ವಿಷಯ ಕಲಿತರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನಿಮ್ಮೆಲ್ಲರ ಮುಂದೆ ಇಡಬೇಕೆನಿಸಿತು. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವಳು. ಆದ್ದರಿಂದ ಎರಡೂ ಭಾಷೆಗಳ ಪತ್ರಿಕೆಗಳ ಇತಿಹಾಸದಿಂದಲೇ ಉತ್ತರ ಹುಡುಕಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ. ಈ ಉತ್ತರ ಪತ್ರಕರ್ತರಾಗಬೇಕೆನ್ನುವ ಒಬ್ಬಿಬ್ಬರಿಗೆ ಮಾತ್ರವಲ್ಲ, ಕೈಯಲ್ಲಿ ಮೊಬೈಲ್ ಇರುವ ಎಲ್ಲರಿಗೂ ಬೇಕು.

ಅಚ್ಚಿಗಿಂತ ಮೊದಲೇ ಇದ್ದ ವರದಿಗಾರರು

ಪತ್ರಿಕೆ ಎಂದರೆ ಅಚ್ಚು ಹಾಕಿದ ಕಾಗದ ಎಂದು ನಾವು ಭಾವಿಸುತ್ತೇವೆ. ಆದರೆ ವರದಿ ಬರೆಯುವ ಕೆಲಸ ಅಚ್ಚಿನ ಯಂತ್ರಕ್ಕಿಂತ ಹಳೆಯದು. ಮೊಘಲರ ಆಡಳಿತದಲ್ಲಿ ಸುಬಾಗಳಿಗೆ 'ವಾಕಿಯಾ ನವೀಸ್' ಎಂಬ ಅಧಿಕಾರಿಗಳನ್ನು ನೇಮಿಸುತ್ತಿದ್ದರು. ಸುಬೇದಾರ ಏನು ಮಾಡಿದ, ಕಂದಾಯ ಎಷ್ಟು ವಸೂಲಾಯಿತು, ಎಲ್ಲಿ ಜಗಳವಾಯಿತು ಎಂಬುದನ್ನೆಲ್ಲ ಬರೆದು ರಾಜಧಾನಿಗೆ ಕಳಿಸುವುದು ಇವರ ಕೆಲಸ. ಇಂತಹ ಬರಹಗಳಿಗೆ 'ಅಖ್ಬಾರಾತ್' ಎಂಬ ಹೆಸರಿತ್ತು. ಉರ್ದುವಿನಲ್ಲಿ ಪತ್ರಿಕೆಗೆ ಇಂದಿಗೂ 'ಅಖ್ಬಾರ್' ಎನ್ನುತ್ತೇವೆ.

ಇದು ದೆಹಲಿಯ ಕಥೆ, ನಮಗೇನು ಎನ್ನಬೇಡಿ. 1687ರಲ್ಲಿ ಮೊಘಲರು ಸಿರಾವನ್ನು ಕೇಂದ್ರವಾಗಿಟ್ಟುಕೊಂಡು ಸುಬಾ ಮಾಡಿದಾಗ ನಮ್ಮ ದೊಡ್ಡಬಳ್ಳಾಪುರ ಮತ್ತು ಹೊಸಕೋಟೆ ಅದರ ಪರಗಣೆಗಳಾಗಿದ್ದವು. ಅಂದರೆ ಈ ಆಡಳಿತ ಪದ್ಧತಿಯ ನೆರಳು ನಮ್ಮ ಮಣ್ಣಿನ ಮೇಲೂ ಬಿದ್ದಿತ್ತು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ವಾಕಿಯಾ ನವೀಸ್ ಬರೆದದ್ದನ್ನೇ ಬಾದಶಹರು ಕಣ್ಣು ಮುಚ್ಚಿ ನಂಬುತ್ತಿರಲಿಲ್ಲ. ಆತ ಸುಬೇದಾರನ ಜೊತೆ ಸೇರಿಕೊಂಡು ಸುಳ್ಳು ಬರೆಯಬಹುದಲ್ಲವೇ? ಅದಕ್ಕಾಗಿ ಯಾರಿಗೂ ಗೊತ್ತಾಗದಂತೆ 'ಖುಫಿಯಾ ನವೀಸ್' ಎಂಬ ಇನ್ನೊಬ್ಬ ವರದಿಗಾರ ಇರುತ್ತಿದ್ದ. ಒಂದೇ ಘಟನೆಯ ಬಗ್ಗೆ ಎರಡು ಕಡೆಯಿಂದ ವರದಿ ಬಂದರೆ ಎರಡನ್ನೂ ಎದುರಿಗಿಟ್ಟು ನೋಡಬಹುದು. ಎರಡೂ ಒಂದೇ ಆಗಿದ್ದರೆ ನಂಬಿಕೆ ಹೆಚ್ಚುತ್ತದೆ, ಬೇರೆಯಾಗಿದ್ದರೆ ವಿಚಾರಣೆ ನಡೆಸಬೇಕಾಗುತ್ತದೆ.

ಮಾಧ್ಯಮ ಅಧ್ಯಯನದ ಮೊದಲನೆಯ ಪಾಠ ಇದೇ. ಒಂದು ಸುದ್ದಿಗೆ ಎರಡು ವರದಿ ನೋಡಿ. ಉಳಿದ ಪಾಠಗಳೆಲ್ಲ ಇದರ ವಿಸ್ತಾರ.

ನಮ್ಮ ಧಾರ್ಮಿಕ ಪರಂಪರೆಯಲ್ಲೂ ಇದು ಹೊಸದಲ್ಲ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕು, ಇಲ್ಲವಾದರೆ ಅರಿವಿಲ್ಲದೆ ಯಾರಿಗೋ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬ ಎಚ್ಚರಿಕೆ ಸೂರಃ ಅಲ್-ಹುಜುರಾತ್‌ನ 6ನೇ ವಚನದಲ್ಲಿದೆ. ಹದೀಸ್ ಸಂಗ್ರಹಕಾರರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದನ್ನು ಯಾರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಪರೀಕ್ಷಿಸಿದರು. ಇದನ್ನು 'ಇಸ್ನಾದ್' ಎನ್ನುತ್ತಾರೆ. ಮದ್ರಸಾದಲ್ಲಿ ಇದನ್ನು ಗೌರವದಿಂದ ಕಲಿಯುವ ನಾವು ಮೊಬೈಲ್‌ನಲ್ಲಿ ಬಂದ ಸಂದೇಶವನ್ನು ಮುಂದಕ್ಕೆ ಕಳಿಸುವಾಗ ಮರೆಯುವುದೇಕೆ?

ಪತ್ರಿಕೆ ಯಾರ ಸ್ವತ್ತೂ ಅಲ್ಲ

ಈಗ ಅಚ್ಚಿನ ಕಾಲಕ್ಕೆ ಬರೋಣ. ಮೊದಲನೆಯ ಉರ್ದು ಪತ್ರಿಕೆ ಎಂದು ಹೆಸರಾದ 'ಜಾಮ್-ಎ-ಜಹಾನ್ ನುಮಾ' 1822ರ ಮಾರ್ಚ್‌ನಲ್ಲಿ ಕಲ್ಕತ್ತಾದಲ್ಲಿ ಹೊರಬಂತು. ಅದನ್ನು ಹೊರತಂದವರು ಹರಿಹರ ದತ್ತ, ಸಂಪಾದಕರು ಸದಾಸುಖ ಲಾಲ್. ಉರ್ದು ಓದುಗರು ಸಾಕಷ್ಟು ಸಿಗದೆ ಅದು ಕೆಲವೇ ತಿಂಗಳಲ್ಲಿ ಫಾರಸಿ ಭಾಷೆಗೆ ತಿರುಗಬೇಕಾಯಿತು.

ಕನ್ನಡದ ಮೊದಲನೆಯ ಪತ್ರಿಕೆ 'ಮಂಗಳೂರ ಸಮಾಚಾರ'. 1843ರ ಜುಲೈ 1ರಂದು ಮಂಗಳೂರಿನಲ್ಲಿ ಅದು ಹೊರಬಂತು. ಸಂಪಾದಕರು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ. ಬಾಸೆಲ್ ಮಿಷನ್‌ನಿಂದ 1836ರಲ್ಲಿ ಬಂದು, ಇಲ್ಲಿಯ ಭಾಷೆಯನ್ನು ಕಲಿತು, ಕನ್ನಡದ ಕೆಲಸಕ್ಕಾಗಿ ಮುಂದೆ ತಮ್ಮ ದೇಶದ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗೌರವ ಪಡೆದವರು. ಆ ಪತ್ರಿಕೆಯಲ್ಲಿ 4 ಪುಟ, 15 ದಿನಕ್ಕೊಂದು ಸಂಚಿಕೆ. ಊರಿನ ಸುದ್ದಿ, ಸರ್ಕಾರದ ನಿರೂಪಗಳು, ಹೊರಗಿನ ರಾಜ್ಯಗಳ ವರ್ತಮಾನ, ಗಾದೆ, ದಾಸರ ಪದ ಎಲ್ಲವೂ ಅದರಲ್ಲಿ ಇರುತ್ತಿದ್ದವು. ಅದನ್ನು ಮುದ್ರಿಸುತ್ತಿದ್ದುದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ, ಒಂದೊಂದೇ ಹಾಳೆ ಒತ್ತಿ ತೆಗೆಯುವ ಕೆಲಸ ಅದು. ಓದುಗರು ಹೆಚ್ಚಿದಂತೆ ಈ ವಿಧಾನ ಸಾಲದಾಯಿತು. ಬಳ್ಳಾರಿಯಲ್ಲಿ ಅಚ್ಚಿನ ಮೊಳೆಗಳ ಮುದ್ರಣಾಲಯ ಇದ್ದುದರಿಂದ 1844ರ ಮಾರ್ಚ್‌ನಲ್ಲಿ ಪತ್ರಿಕೆ ಅಲ್ಲಿಗೆ ಹೋಯಿತು. ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಒಂದು ಊರಿನ ಹೆಸರು ಹೋಗಿ ಇಡೀ ಭಾಷೆಯ ಹೆಸರು ಬಂತು. ಇದರ ನೆನಪಿಗಾಗಿಯೇ ಕರ್ನಾಟಕದಲ್ಲಿ ಜುಲೈ 1ರಂದು ಪತ್ರಿಕಾ ದಿನಾಚರಣೆ ನಡೆಯುತ್ತದೆ.

ವಿದ್ಯಾರ್ಥಿಗಳೇ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಉರ್ದುವಿನ ಮೊದಲ ಪತ್ರಿಕೆ ನಡೆಸಿದವರು ಹಿಂದೂಗಳು. ಕನ್ನಡದ ಮೊದಲ ಪತ್ರಿಕೆ ನಡೆಸಿದವರು ಜರ್ಮನ್ ಕ್ರೈಸ್ತರು. ಹಾಗಿರುವಾಗ ಉರ್ದು ಇಂಥವರದು, ಕನ್ನಡ ಇಂಥವರದು ಎಂದು ಗೆರೆ ಎಳೆಯಲು ನಾವು ಯಾರು? ಭಾಷೆ ಕಲಿತವರ ಸ್ವತ್ತು.

ಬೆಂಗಳೂರಿನಲ್ಲಿಯೂ ಉರ್ದು ಪತ್ರಿಕೆಗಳ ಪರಂಪರೆ ಹಳೆಯದು. 19ನೇ ಶತಮಾನದಲ್ಲೇ 'ಕಾಸಿಮುಲ್ ಅಖ್ಬಾರ್' ಇಲ್ಲಿಂದ ಬರುತ್ತಿತ್ತು. 1964ರಲ್ಲಿ 'ಸಾಲಾರ್' ದಿನಪತ್ರಿಕೆ ಆರಂಭವಾಯಿತು. ಕನ್ನಡದಲ್ಲಿ 1978ರಲ್ಲಿ ಮಂಗಳೂರಿನಿಂದ 'ಸನ್ಮಾರ್ಗ' ವಾರಪತ್ರಿಕೆಯೂ 2003ರಲ್ಲಿ 'ವಾರ್ತಾಭಾರತಿ' ದಿನಪತ್ರಿಕೆಯೂ ಬಂದವು.

ಮೇಷ್ಟ್ರುಗಳೇ ಸಂಪಾದಕರಾಗಿದ್ದ ಕಾಲ

ಪತ್ರಿಕೆಗೂ ಶಾಲೆಗೂ ಸಂಬಂಧವೇನು ಎಂದು ಕೇಳುವವರಿಗೆ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರ ಜೀವನವೇ ಉತ್ತರ. ಜನರು ಪ್ರೀತಿಯಿಂದ 'ತಾತಯ್ಯ' ಎಂದು ಕರೆಯುತ್ತಿದ್ದ ಇವರು ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು. ಪಾಠ ಹೇಳುತ್ತಲೇ 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಮುಂತಾದ ಪತ್ರಿಕೆಗಳನ್ನು ನಡೆಸಿದರು. ಬಡ ವಿದ್ಯಾರ್ಥಿಗಳಿಗೆ ಊಟ, ವಸತಿಯ ಏರ್ಪಾಡು ಮಾಡಿದರು. ಆಡಳಿತದ ತಪ್ಪುಗಳನ್ನು ಪತ್ರಿಕೆಯಲ್ಲಿ ಬರೆಯಲು ಹಿಂಜರಿಯಲಿಲ್ಲ.

1908ರಲ್ಲಿ ಮೈಸೂರು ಸಂಸ್ಥಾನದ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಒಂದು ಪತ್ರಿಕಾ ಕಾನೂನು ಬಂತು. ಸರ್ಕಾರದ ಅನುಮತಿ ಇಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ನಡೆಸುವಂತಿಲ್ಲ ಎಂಬುದು ಅದರ ಸಾರ. ಅನುಮತಿ ಕೊಡುವುದೂ ಕಿತ್ತುಕೊಳ್ಳುವುದೂ ಸರ್ಕಾರದ ಕೈಯಲ್ಲಿ. ವೆಂಕಟಕೃಷ್ಣಯ್ಯನವರೂ ಇನ್ನು ಕೆಲವು ಸಂಪಾದಕರೂ ಆ ಷರತ್ತಿಗೆ ತಲೆಬಾಗುವ ಬದಲು ಪತ್ರಿಕೆಗಳನ್ನೇ ನಿಲ್ಲಿಸಿದರು.

ಅದೇ ಕಾಲದಲ್ಲಿ ಪತ್ರಿಕಾರಂಗಕ್ಕೆ ಬಂದ ಮುಳಬಾಗಿಲಿನ ತರುಣ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಪರೀಕ್ಷೆಯನ್ನೂ ದಾಟಿದವರಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿ ದೊಡ್ಡ ದೊಡ್ಡ ಅಧಿಕಾರಿಗಳು ಕಾದು ಓದುವಂತೆ ಬರೆದರು. ಪತ್ರಿಕಾ ವೃತ್ತಿಯ ಬಗ್ಗೆ 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೇ ಕನ್ನಡದಲ್ಲಿ ಬರೆದುಕೊಟ್ಟರು.

ಉತ್ತರದ ಕಡೆಯೂ ಹೀಗೆಯೇ. ಸರ್ ಸೈಯದ್ ಅಹ್ಮದ್ ಖಾನರು ಅಲಿಗಢದಲ್ಲಿ ಕಾಲೇಜು ಕಟ್ಟುವ ಮೊದಲೇ 1866ರಲ್ಲಿ ಉರ್ದು ಮತ್ತು ಇಂಗ್ಲಿಷ್ ಎರಡೂ ಭಾಷೆಗಳಿದ್ದ 'ಅಲಿಗಢ ಇನ್‌ಸ್ಟಿಟ್ಯೂಟ್ ಗೆಜೆಟ್' ಆರಂಭಿಸಿದರು. ಮೌಲಾನಾ ಅಬುಲ್ ಕಲಾಂ ಆಜಾದರು 1903ರಲ್ಲಿ 'ಲಿಸಾನುಸ್ ಸಿದ್ಕ್' ಪತ್ರಿಕೆ ಹೊರತಂದಾಗ ಅವರ ವಯಸ್ಸು 15. ಅಂದರೆ ನಿಮ್ಮ ವಯಸ್ಸು! ಆ ಹೆಸರಿನ ಅರ್ಥ 'ಸತ್ಯದ ನಾಲಿಗೆ'. 1912ರಲ್ಲಿ ಅವರು ಆರಂಭಿಸಿದ 'ಅಲ್-ಹಿಲಾಲ್' ಬ್ರಿಟಿಷ್ ಸರ್ಕಾರದ ಕಣ್ಣು ಕೆಂಪಾಗಿಸಿತು, 1914ರಲ್ಲಿ ನಿಲ್ಲಬೇಕಾಯಿತು. ಅದಕ್ಕೂ ಹಿಂದೆ 'ದೆಹಲಿ ಉರ್ದು ಅಖ್ಬಾರ್'ನ ಮೌಲವಿ ಮುಹಮ್ಮದ್ ಬಾಕರ್ 1857ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರ ಕೈಯಲ್ಲಿ ಪ್ರಾಣವನ್ನೇ ಕಳೆದುಕೊಂಡರು.

ಟಿ.ವಿ.ಯಲ್ಲಿ ಕಿರುಚುವುದಷ್ಟೇ ಪತ್ರಿಕೋದ್ಯಮ ಎಂದುಕೊಂಡಿರುವ ತಂದೆತಾಯಂದಿರಿಗೆ ನಾನು ಈ ಹೆಸರುಗಳನ್ನು ನೆನಪಿಸಲು ಬಯಸುತ್ತೇನೆ.

ತರಗತಿಗೆ ಬಂದ ಪತ್ರಿಕೋದ್ಯಮ

ಆ ಹಿರಿಯರು ಕೆಲಸ ಮಾಡುತ್ತಲೇ ಕಲಿತರು. ತರಗತಿಯಲ್ಲಿ ಕೂರಿಸಿ ಕಲಿಸುವ ಪ್ರಯತ್ನ ಆಮೇಲಿನದು. 1938ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಸರ್ ಶಾ ಮುಹಮ್ಮದ್ ಸುಲೈಮಾನರ ಆಸಕ್ತಿಯಿಂದ ಪತ್ರಿಕೋದ್ಯಮದ ಡಿಪ್ಲೊಮಾ ಆರಂಭವಾಯಿತು. ಅದು ಹೆಚ್ಚು ಕಾಲ ಉಳಿಯಲಿಲ್ಲ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿಭಾಗ ಬಂತು.

ಕರ್ನಾಟಕದಲ್ಲಿ ಈ ಗೌರವ ಮೈಸೂರಿನ ಮಹಾರಾಜ ಕಾಲೇಜಿಗೆ ಸಲ್ಲುತ್ತದೆ. ಅದೇ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಒಂದು ಸಣ್ಣ ರೇಡಿಯೊ ಕೇಂದ್ರ ನಡೆಸಲು ಆರಂಭಿಸಿದ್ದರು. ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ಬಂತು. 1951ರಲ್ಲಿ ಅಲ್ಲಿ ಪತ್ರಿಕೋದ್ಯಮ ವಿಭಾಗ ಆರಂಭವಾಗಿ, ನಾಡಿಗ ಕೃಷ್ಣಮೂರ್ತಿಯವರು ಅದನ್ನು ಕಟ್ಟಿ ಬೆಳೆಸಿದರು. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲೂ ವಿಭಾಗ ಬಂತು. ಇಂದು ರಾಜ್ಯದ ಹಲವು ಪದವಿ ಕಾಲೇಜುಗಳಲ್ಲಿ ಬಿ.ಎ.ಗೆ ಪತ್ರಿಕೋದ್ಯಮವನ್ನು ಆರಿಸಿಕೊಳ್ಳಬಹುದು.

ಶಾಲೆಯ ಮಟ್ಟದಲ್ಲಿ? ಪಕ್ಕದ ಕೇರಳದಲ್ಲಿ ಹೈಯರ್ ಸೆಕೆಂಡರಿಗೆ ಪತ್ರಿಕೋದ್ಯಮ ಒಂದು ವಿಷಯವಾಗಿದೆ. ಸಿ.ಬಿ.ಎಸ್.ಇ.ಯಲ್ಲಿ 11 ಮತ್ತು 12ನೇ ತರಗತಿಗೆ 'ಮಾಸ್ ಮೀಡಿಯಾ ಸ್ಟಡೀಸ್' ಇದೆ. ಎನ್.ಸಿ.ಇ.ಆರ್.ಟಿ. 2007ರಲ್ಲಿ ತಂದ 7ನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಮಾಧ್ಯಮದ ಬಗ್ಗೆ ಒಂದು, ಜಾಹೀರಾತಿನ ಬಗ್ಗೆ ಒಂದು ಅಧ್ಯಾಯ ಇದ್ದವು. ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ಕೇಳುತ್ತಾರೆ. ಅದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿ ಬಿಟ್ಟುಬಿಡುತ್ತೇವೆ. ಸಂಪಾದಕರಿಗೆ ನಿಜವಾಗಿಯೂ ಒಂದು ಪತ್ರ ಬರೆದು ಅಂಚೆಗೆ ಹಾಕಿದವರು ನಿಮ್ಮಲ್ಲಿ ಎಷ್ಟು ಜನ?

ಸುದ್ದಿ ಪ್ರಾಣ ತೆಗೆದ ದಿನಗಳು

ಮಾಧ್ಯಮವನ್ನು ಅರ್ಥ ಮಾಡಿಕೊಳ್ಳುವುದು ಏಕೆ ಅನಿವಾರ್ಯ ಎನ್ನುವುದಕ್ಕೆ ನಮ್ಮ ರಾಜ್ಯದ ಮೂರು ಘಟನೆಗಳನ್ನು ಹೇಳುತ್ತೇನೆ. ಹೇಳಲು ಸಂತೋಷವಿಲ್ಲ, ಆದರೆ ಮುಚ್ಚಿಡುವುದು ಇತಿಹಾಸವಾಗುವುದಿಲ್ಲ.

1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ 10 ನಿಮಿಷಗಳ ಉರ್ದು ವಾರ್ತೆ ಆರಂಭಿಸಿತು. ಅದರ ಸಮಯ, ಅಗತ್ಯಗಳ ಬಗ್ಗೆ ವಿರೋಧ ಬಂತು. ವಿರೋಧ ಬೀದಿಗೆ ಬಂತು. ಕೆಲವೇ ದಿನಗಳಲ್ಲಿ ನಗರದಲ್ಲಿ ಗಲಭೆಯಾಗಿ 20ಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ನಾನಾಗ ಚಿಕ್ಕ ಮಗು. ದೊಡ್ಡವಳಾದ ಮೇಲೆ ನಮ್ಮ ಹಿರಿಯರನ್ನು ಕೇಳಿದೆ. ಕರ್ಫ್ಯೂ, ಮುಚ್ಚಿದ ಅಂಗಡಿಗಳು, ಮನೆಗೆ ಬಾರದವರಿಗಾಗಿ ಕಾದ ರಾತ್ರಿ ಎಲ್ಲವೂ ಅವರಿಗೆ ನೆನಪಿತ್ತು. ಆದರೆ ಆ 10 ನಿಮಿಷದಲ್ಲಿ ಯಾವ ಸುದ್ದಿ ಓದಿದರು ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಒಂದು ಪೀರಿಯಡ್ ಕನ್ನಡ, ಮಧ್ಯಾಹ್ನ ಒಂದು ಪೀರಿಯಡ್ ಉರ್ದು ಕಲಿಸುವ ನನಗೆ ಈ ಘಟನೆ ಇಂದಿಗೂ ಚುಚ್ಚುತ್ತದೆ. ಸುದ್ದಿಯೊಳಗೆ ಏನಿದೆ ಎಂದು ನೋಡುವ ಮೊದಲೇ ಅದರ ಭಾಷೆ ನೋಡಿ ಜಗಳಕ್ಕೆ ನಿಂತರೆ ಸಾಯುವವರು ಬಡವರು.

2012ರ ಆಗಸ್ಟ್‌ನಲ್ಲಿ ಇನ್ನೊಂದು. ಅಸ್ಸಾಂನ ಗಲಭೆಯ ಸೇಡಾಗಿ ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯುತ್ತದೆ ಎಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಸಾವಿರಾರು ಜನ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಬ್ಬರು ದಿನಕ್ಕೆ 5ಕ್ಕಿಂತ ಹೆಚ್ಚು ಎಸ್.ಎಂ.ಎಸ್. ಕಳಿಸದಂತೆ ಕೇಂದ್ರ ಸರ್ಕಾರ ಕೆಲವು ದಿನ ಮಿತಿ ಹಾಕಿತು. ಆ ಸುಳ್ಳಿನಲ್ಲಿ ಅಪರಾಧಿಗಳೆಂದು ಬಿಂಬಿತವಾದದ್ದು ನಮ್ಮ ಸಮುದಾಯ. ಸುಳ್ಳು ಸುದ್ದಿಯಿಂದ ಓಡಿಹೋದವರಿಗೂ ಅನ್ಯಾಯವಾಯಿತು, ಹೆಸರು ಕೆಡಿಸಿಕೊಂಡ ನಮಗೂ ಅನ್ಯಾಯವಾಯಿತು.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಘಟನೆ. ಕಾರಿನಲ್ಲಿ ಬಂದಿದ್ದ ಸ್ನೇಹಿತರ ಗುಂಪೊಂದರಲ್ಲಿ ಒಬ್ಬರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಜನ ದಾರಿಗೆ ಅಡ್ಡ ನಿಂತರು. ಹೈದರಾಬಾದಿನ ಒಬ್ಬ ತರುಣ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ವರ್ಷ ದೇಶದ ಹಲವೆಡೆ ಇಂತಹ ಕೊಲೆಗಳು ನಡೆದ ಮೇಲೆ ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಾಡಿತು.

ಸಂದೇಶ ಮುಂದೆ ಕಳಿಸಿದವರೆಲ್ಲ ಕೆಟ್ಟವರಾಗಿರಲಿಲ್ಲ. ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಬಹಳ ಜನ ತಿಳಿದಿರಬೇಕು. ಒಳ್ಳೆಯ ಮನಸ್ಸು ಸಾಲದು, ಪರಿಶೀಲಿಸುವ ಅಭ್ಯಾಸವೂ ಬೇಕು. ಆ ಅಭ್ಯಾಸವನ್ನು ಕಲಿಸಬಹುದೇ? ಕಲಿಸಬಹುದು. ಅದೇ 2018ರಲ್ಲಿ, ನಮ್ಮ ಕೊಡಗಿಗೆ ಅಂಟಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಆಗಿನ ಜಿಲ್ಲಾಧಿಕಾರಿ ಮೀರ್ ಮುಹಮ್ಮದ್ ಅಲಿಯವರು 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಎಂಬ ಕಾರ್ಯಕ್ರಮ ನಡೆಸಿದರು. ಸುಳ್ಳು ಸುದ್ದಿ ಎಂದರೇನು, ಅದನ್ನು ಹೇಗೆ ಗುರುತಿಸಬೇಕು ಎಂದು ತರಗತಿಯಲ್ಲೇ ಹೇಳಿಕೊಡುವ ಕೆಲಸ ಅದು.

ನಮ್ಮ ಗೋಡೆ ಪತ್ರಿಕೆಯ ಕಥೆ

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಮಕ್ಕಳು ಗೋಡೆ ಪತ್ರಿಕೆ ಆರಂಭಿಸಿದರು. ಒಂದು ಡ್ರಾಯಿಂಗ್ ಶೀಟ್, ಅರ್ಧ ಕನ್ನಡ, ಅರ್ಧ ಉರ್ದು. ಉರ್ದು ಬಲದಿಂದ, ಕನ್ನಡ ಎಡದಿಂದ ಆರಂಭವಾಗಿ ಹಾಳೆಯ ನಡುವೆ ಬಂದು ಸೇರುತ್ತಿದ್ದವು. ಮೂರನೇ ಸಂಚಿಕೆಯಲ್ಲಿ ಹತ್ತಿರದ ಒಂದು ಅಂಗಡಿಯಲ್ಲಿ ಅವಧಿ ಮುಗಿದ ಬಿಸ್ಕತ್ತು ಮಾರುತ್ತಾರೆ, ತಿಂದ ಹುಡುಗನಿಗೆ ವಾಂತಿಯಾಯಿತು ಎಂದು ಒಬ್ಬ ಹುಡುಗ ಬರೆದ. ಕಾಗುಣಿತ ತಿದ್ದಿದೆ, ಗೋಡೆಗೆ ಹಾಕಿಸಿದೆ. ಯಾರು ನೋಡಿದರು ಎಂದು ಕೇಳಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಯವರು ಬಂದರು. ಜಗಳವಾಡಲಿಲ್ಲ. ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು, "ದಿನಾಂಕ ನೀವೇ ನೋಡಿ ಮೇಡಂ" ಎಂದರು. ಯಾವುದರ ಅವಧಿಯೂ ಮುಗಿದಿರಲಿಲ್ಲ. ವಿಚಾರಿಸಿದಾಗ ವಾಂತಿಯಾದ ಹುಡುಗ ಆ ಅಂಗಡಿಗೆ ಹೋಗಿಯೇ ಇರಲಿಲ್ಲ. ಬರೆದ ಹುಡುಗ ಇನ್ನೊಬ್ಬನಿಂದ ಕೇಳಿದ್ದ, ಅವನು ಮತ್ತೊಬ್ಬನಿಂದ. ಇಸ್ನಾದ್ ಹಿಡಿದು ಹೋದರೆ ಸರಪಳಿಯ ತುದಿಯಲ್ಲಿ ಯಾರೂ ಇರಲಿಲ್ಲ! ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಎರಡೂ ಭಾಷೆಯಲ್ಲಿ ನಾವು ತಪ್ಪೊಪ್ಪಿಗೆ ಹಾಕಿದೆವು. ಕೆಳಗೆ ನಾನೂ ಸಹಿ ಮಾಡಿದೆ. ಅಂಗಡಿಯವರು ಬಂದು ಓದಿ, ಏನೂ ಹೇಳದೆ ಹೋದರು. ಆ ವಾರ ಅವರ ವ್ಯಾಪಾರ ಎಷ್ಟು ಕಡಿಮೆಯಾಯಿತೋ, ಅದನ್ನು ನಾವು ವಾಪಸ್ ಕೊಡಲಾಗಲಿಲ್ಲ.

ಬಿ.ಎಡ್. ತರಗತಿಯಲ್ಲಿ ಯಾರೂ ನನಗೆ ಇದನ್ನು ಕಲಿಸಿರಲಿಲ್ಲ. ಆ ದಿನದಿಂದ ನಮ್ಮ ಗೋಡೆ ಪತ್ರಿಕೆಗೆ ಒಂದು ನಿಯಮ ಬಂತು. ಸುದ್ದಿಯ ಕೆಳಗೆ 'ನಾನೇ ನೋಡಿದ್ದು' ಅಥವಾ 'ಇಂಥವರು ಹೇಳಿದ್ದು' ಎಂದು ಬರೆಯಲೇಬೇಕು. ಯಾರ ಬಗ್ಗೆ ಬರೆಯುತ್ತೇವೆಯೋ ಅವರನ್ನು ಮೊದಲು ಕೇಳಲೇಬೇಕು.

ನೀವು ಏನನ್ನು ನಿರೀಕ್ಷಿಸಬಹುದು?

ಈಗ ಆ ತಂದೆಯ ಪ್ರಶ್ನೆಗೆ ಬರುತ್ತೇನೆ. ಮಾಧ್ಯಮವನ್ನು ಕಲಿತರೆ ಮೊದಲನೆಯದಾಗಿ ನಿಮಗೆ ಓದುವ ಕಣ್ಣು ಬರುತ್ತದೆ. ನಮ್ಮ ಜಿಲ್ಲೆಯದೇ ಉದಾಹರಣೆ ನೋಡಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿತು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಪಡೆಯುವುದಾಗಿಯೂ ಹೇಳಿತು. ಅಂಥ ಒಂದು ದಿನದ ಎರಡು ಮೂರು ಪತ್ರಿಕೆಗಳನ್ನು ತಂದು ಪಕ್ಕಪಕ್ಕದಲ್ಲಿಡಿ. ಯಾವುದು ರೈತರನ್ನು ಮಾತಾಡಿಸಿದೆ, ಯಾವುದು ಮಂತ್ರಿಗಳನ್ನು ಮಾತ್ರ, ಯಾವುದು ಉದ್ಯಮಿಗಳನ್ನು? ಜಮೀನು ಕೊಡಲು ಒಪ್ಪಿದ ರೈತರ ಮಾತು ಯಾವುದರಲ್ಲಿದೆ? ಹೆಂಗಸರ ಮಾತು ಎಲ್ಲಾದರೂ ಇದೆಯೇ? ಗೆರೆ ಎಳೆದು ಪಟ್ಟಿ ಮಾಡಿ. ಖುಫಿಯಾ ನವೀಸನ ಕೆಲಸ ಈಗ ನಿಮ್ಮದು.

ಎರಡನೆಯದಾಗಿ, ದುಡ್ಡಿನ ಲೆಕ್ಕ ತಿಳಿಯುತ್ತದೆ. ನೀವು ಪತ್ರಿಕೆಗೆ ಕೊಡುವ ಬೆಲೆಯಲ್ಲಿ ಅದನ್ನು ಅಚ್ಚು ಮಾಡುವ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಉಳಿದದ್ದು ಜಾಹೀರಾತಿನಿಂದ ಬರಬೇಕು. ಟಿ.ವಿ.ಯಲ್ಲಿ ಕಿರುಚಾಟ ಏಕೆ ಎಂಬುದಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ಹೆಚ್ಚು ಜನ ನೋಡಿದರೆ ಹೆಚ್ಚು ಜಾಹೀರಾತು. 1980ರಲ್ಲಿ ಪಿ. ಲಂಕೇಶರು ಜಾಹೀರಾತೇ ಇಲ್ಲದೆ ಓದುಗರ ಹಣದಿಂದಲೇ 'ಲಂಕೇಶ್ ಪತ್ರಿಕೆ' ನಡೆಸಿ ತೋರಿಸಿದರು.

ಮೂರನೆಯದಾಗಿ, ಬರೆಯುವ ಧೈರ್ಯ ಬರುತ್ತದೆ. ಅದೇ ಪತ್ರಿಕೆಯಲ್ಲಿ ಬರೆದು ಬೆಳಕಿಗೆ ಬಂದವರು ಕಾಸರಗೋಡಿನ ಸಾರಾ ಅಬೂಬಕ್ಕರ್. ಅದಕ್ಕೇ ವರದಿಗಾರ್ತಿಯಾಗಿ ದುಡಿದವರು ಹಾಸನದ ಬಾನು ಮುಷ್ತಾಕ್. ಮನೆಯಲ್ಲಿ ಉರ್ದು ಆಡುತ್ತಿದ್ದ ಬಾನು ಅವರನ್ನು 8ನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದಾಗ 6 ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ. 2025ರಲ್ಲಿ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮ್ಮ ಹೆಣ್ಣುಮಕ್ಕಳಿಗೆ ಕನ್ನಡ ಕಷ್ಟ ಎನ್ನುವವರು ಇದನ್ನು ನೆನಪಿಡಲಿ.

ನಾಲ್ಕನೆಯದಾಗಿ, ಹಕ್ಕು ಮತ್ತು ಹೊಣೆ ಎರಡೂ ತಿಳಿಯುತ್ತವೆ. ಸಂವಿಧಾನದ 19(1)(ಎ) ವಿಧಿ ನಮಗೆ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ. 19(2) ಅದಕ್ಕೆ ಮಿತಿಗಳನ್ನು ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಬ್ಬ ಸಾಮಾನ್ಯ ಪ್ರಜೆಯೂ ಸರ್ಕಾರಿ ಕಚೇರಿಯಿಂದ ಲೆಕ್ಕ ಕೇಳಬಹುದು.

ಇನ್ನು ಸಿಗದೇ ಇರುವುದನ್ನೂ ಹೇಳಿಬಿಡುತ್ತೇನೆ. ಕಲಿತವರೆಲ್ಲರೂ ಟಿ.ವಿ. ಪರದೆಯ ಮೇಲೆ ಬರುವುದಿಲ್ಲ. ಆರಂಭದ ಸಂಬಳ ದೊಡ್ಡದಿರುವುದಿಲ್ಲ, ಹಬ್ಬದ ದಿನವೂ ಕೆಲಸ ಇರುತ್ತದೆ. ಆದರೆ ಎರಡು ಮೂರು ಭಾಷೆ ಬಲ್ಲವರಿಗೆ ಅನುವಾದ, ಉಪಸಂಪಾದನೆ, ರೇಡಿಯೊ, ಪ್ರಕಾಶನ ಎಂದು ಬಾಗಿಲುಗಳು ಹಲವು. ಉರ್ದುವಿನಲ್ಲೇ ಮುಂದುವರಿಯುವವರಿಗೆ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ.

ಆ ವಿದ್ಯಾರ್ಥಿನಿ ಈಗ ಪಿ.ಯು.ಸಿ. ಕಲಾ ವಿಭಾಗದಲ್ಲಿ ಓದುತ್ತಿದ್ದಾಳೆ. ಮುಂದೆ ಪತ್ರಕರ್ತೆಯಾಗುತ್ತಾಳೋ ಇಲ್ಲವೋ, ಅದು ಅವಳ ಹಣೆಬರಹ ಮತ್ತು ಶ್ರಮಕ್ಕೆ ಬಿಟ್ಟದ್ದು. ಮೊನ್ನೆ ಅವಳ ತಂದೆ ಮಾರ್ಕೆಟ್ ಬಳಿ ಸಿಕ್ಕಿದರು. "ಮನೆಯಲ್ಲಿ ಈಗ ಯಾವ ಮೆಸೇಜ್ ತೋರಿಸಿದರೂ ಯಾರು ಕಳಿಸಿದ್ದು, ಅವರಿಗೆ ಯಾರು ಹೇಳಿದ್ದು ಅಂತ ಕೇಳ್ತಾಳೆ ಮೇಡಂ, ಅವಳ ಕಾಟ ಜಾಸ್ತಿಯಾಗಿದೆ" ಎಂದು ದೂರು ಹೇಳಿ ನಕ್ಕರು.

ಅಂತಹ ಕಾಟ ನಮ್ಮ ಪ್ರತಿ ಮನೆಯಲ್ಲೂ ಇರಲಿ. ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಗಳಿಗೆ ದಿನಕ್ಕೆ ಒಂದು ಕನ್ನಡ, ಒಂದು ಉರ್ದು ಪತ್ರಿಕೆ ತರಿಸಿಕೊಡಿ. ವಿದ್ಯಾರ್ಥಿಗಳೇ, ನಿಮ್ಮಲ್ಲೂ ಒಂದು ವಿನಂತಿ. ನಾಳೆ ಬೆಳಿಗ್ಗೆ ಒಂದೇ ಸುದ್ದಿಯನ್ನು ಆ ಎರಡರಲ್ಲೂ ಓದಿ, ವ್ಯತ್ಯಾಸವನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ಮಾಧ್ಯಮದ ಮೊದಲನೆಯ ಪಾಠ ಆಗಲೇ ಆರಂಭವಾಗಿರುತ್ತದೆ.